ಭಾವ ಮನೆಗೆ ಪ್ಯಾಚ್ ಹಾಕಿದ್ದು

ನಮ್ಮ ಭಾವನಿಗೆ ತೂತು ಕಂಡರೆ ಆಗುವುದಿಲ್ಲ. ಕೆಲವರಿಗೆ ಜಿರಲೆ ಕಂಡರೆ ಆಗುವುದಿಲ್ಲ, ಕೆಲವರಿಗೆ ಹೆಂಡತಿಯ ತಂಗಿಯನ್ನು ಕಂಡರೆ ಆಗುವುದಿಲ್ಲ, ಭಾವನಿಗೆ ತೂತು. ಬಕೆಟ್ಟಿನ ತಳದಲ್ಲಿರಲಿ, ಕೊಡೆಯ ಬಟ್ಟೆಯಲ್ಲಿರಲಿ, ಬಿಸಿನೀರಿನ ಚೀಲದಲ್ಲಿರಲಿ, ಅದು ಅವರ ಕಣ್ಣಿಗೆ ಬಿತ್ತೆಂದರೆ ಅದರ ಆಯಸ್ಸು ಮುಗಿಯಿತೆಂದೇ ಲೆಕ್ಕ. ಒಮ್ಮೆ ನನ್ನ ಹಳದಿ ಕೈಚೀಲದ ಮೂಲೆ ಹರಿದಿತ್ತು. ನಾನು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದಕ್ಕೆ ಕಪ್ಪು ರಬ್ಬರಿನ ಪ್ಯಾಚ್ ಹಾಕಿ ತಂದುಕೊಟ್ಟರು. "ಇನ್ನು ಚೀಲ ಹೋದ್ರೂ ಪ್ಯಾಚ್ ಹೋಗಲ್ಲ," ಎಂದರು. ಹಾಗೇ ಆಯಿತು. ಚೀಲ ಹೋಯಿತು, ಪ್ಯಾಚ್ ಉಳಿಯಿತು.

ಅವರ ಕೆಲಸವೇ ಪಂಚರ್ ಹಾಕುವುದು. ಬಸ್ಸುಗಳು ತಿರುಗುವ ಮೂಲೆಯಲ್ಲಿ ಅಂಗಡಿ. ಅಂಗಡಿ ಎಂದರೆ ಮೇಲೊಂದು ತಗಡು, ಹಿಂದೊಂದು ಗೋಡೆ, ಉಳಿದ ಮೂರು ಕಡೆಯೂ ಬಯಲು. ಗಾಳಿ ತುಂಬುವ ಯಂತ್ರ, ನೀರಿನ ತೊಟ್ಟಿ, ಗೋಡೆಗೆ ನೇತುಹಾಕಿದ ಹಳೇ ಟ್ಯೂಬುಗಳು. ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದು, ಅಲ್ಲಿ ಒರೆಸಿ, ಅರದಿಂದ ಉಜ್ಜಿ ತರಿ ಮಾಡಿ, ಸಲ್ಯೂಷನ್ ಹಚ್ಚುವುದು. ಸಲ್ಯೂಷನ್ ಎಂದರೆ ರಬ್ಬರಿಗೆ ರಬ್ಬರನ್ನು ಅಂಟಿಸುವ, ಮೂಗಿಗೆ ಗುದ್ದುವ ವಾಸನೆಯ ಅಂಟು. ಅದು ಆರುವವರೆಗೆ ಕಾಯಬೇಕು. ಕಾಯುವುದೇ ವಿದ್ಯೆ, ಉಳಿದದ್ದೆಲ್ಲ ಕೂಲಿ ಎಂದು ಭಾವ ಹೇಳುತ್ತಾರೆ. ಆರದ ಅಂಟಿನ ಮೇಲೆ ಪ್ಯಾಚ್ ಒತ್ತುವವರ ಬಗ್ಗೆ ಅವರು ಬಳಸುವ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ವಾಸನೆಯ ನಡುವೆ ಜೀವಮಾನ ಕಳೆದು ಭಾವನ ಮೂಗು ಯಾವ ಕಾಲದಲ್ಲೋ ರಾಜೀನಾಮೆ ಕೊಟ್ಟಿದೆ. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿರುತ್ತಾರೆ. ನನ್ನ ಮೂಗು ಅದಕ್ಕೆ ತದ್ವಿರುದ್ಧ. ನಾನು ಲಾಂಡ್ರಿ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಳ್ಳುವ ಕಟ್ಟೆಯ ಹಿಂದೆ ನಿಲ್ಲುವವಳು. ಚೀಟಿ ಕಳೆದುಹೋದ ಅಂಗಿಯನ್ನು ಮೂಸಿ ಇದು ಔಷಧಿ ಅಂಗಡಿಯವರದ್ದು, ಇದು ಮೀನು ಮಾರುವವರ ಅಳಿಯನದ್ದು ಎಂದು ಹೇಳಿಬಿಡುತ್ತೇನೆ. ಮೂಗಿನ ತುದಿಯಲ್ಲಿ ಕೋಪವೂ ಅಷ್ಟೇ ಇದೆ ಎಂದು ಭಾವನ ದೂರು. ಇರಲಿ, ಒಂದೇ ಮೂಗಿನಲ್ಲಿ ಎರಡು ಕೆಲಸ ನಡೆಯುತ್ತಿದ್ದರೆ ಇವರಿಗೇನು ನಷ್ಟ.

ಈ ಸತ್ತ ಮೂಗಿಗೂ ಈ ಚುರುಕು ಮೂಗಿಗೂ ನಡುವೆ ನಮ್ಮ ಅಕ್ಕ. ಅವಳಿಗೆ ಚಿಕ್ಕಂದಿನಿಂದಲೂ ಉಬ್ಬಸ. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದೆವು. ಅವಳ ಎದೆಯೊಳಗೆ ಸಣ್ಣ ಸೀಟಿ ಊದಿದ ಹಾಗೆ ಕೇಳುತ್ತಿತ್ತು. ಅದು ನಿಂತರೆ ಸಾಕು ಎಂದೂ, ಪೂರ್ತಿ ನಿಂತುಬಿಟ್ಟರೆ ಏನು ಗತಿ ಎಂದೂ ಹೆದರುತ್ತ ನಾನು ನಿದ್ದೆ ಹೋಗುತ್ತಿದ್ದೆ. ದೊಡ್ಡವಳಾದ ಮೇಲೆ ಉಬ್ಬಸ ಹತೋಟಿಗೆ ಬಂತು. ಮದುವೆಯಾಯಿತು. ಮಕ್ಕಳಾಗಲಿಲ್ಲ. ಗಂಡಹೆಂಡತಿ ಒಬ್ಬರಿಗೊಬ್ಬರು ಅಂಟಿಕೊಂಡು, ದಿನಕ್ಕೊಂದು ಸಣ್ಣ ಜಗಳ ಮಾಡಿಕೊಂಡು, ಸುಖವಾಗಿಯೇ ಇದ್ದರು. ನಾನು ಮದುವೆಯಾಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೇನೆ.

ಹೀಗಿರುವಾಗ ಅಕ್ಕನ ಮನೆಯ ಪಕ್ಕದಲ್ಲಿದ್ದ ಹಳೇ ಗೋದಾಮು ಕೆಡವಿದರು. ಅಲ್ಲಿ ಎತ್ತರದ ಕಟ್ಟಡ ಬರುತ್ತದಂತೆ. ಬರುವುದು ಯಾವಾಗಲೋ, ಅದರ ಧೂಳು ಮಾತ್ರ ಅವತ್ತೇ ಬಂತು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಹಾಸಿಗೆಯ ಮೇಲೆ, ಕನ್ನಡಿಯ ಮೇಲೆ, ಮುಚ್ಚಿಟ್ಟ ಪಾತ್ರೆಯೊಳಗೆ, ಕೊನೆಗೆ ಅಕ್ಕನ ಹುಬ್ಬಿನ ಮೇಲೂ ಬೂದು ಬಣ್ಣ. ಕಲ್ಲು ಕತ್ತರಿಸುವ ಯಂತ್ರ ಶುರುವಾದರೆ ಮನೆಯೊಳಗೆ ಮಂಜು ಕವಿದಂತೆ. ಅಕ್ಕನ ಎದೆಯ ಸೀಟಿ ಮತ್ತೆ ಶುರುವಾಯಿತು.

ಇಬ್ಬರೂ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಊದುವ ಔಷಧಿ ಬರೆದುಕೊಟ್ಟು, "ಮುಖ್ಯವಾಗಿ ಧೂಳು ಮನೆಯೊಳಗೆ ಬರದ ಹಾಗೆ ನೋಡ್ಕೊಳ್ಳಿ," ಎಂದರು. ಆ ಮಾತನ್ನು ಬೇರೆ ಯಾರ ಮುಂದೆ ಹೇಳಿದ್ದರೂ ಅವರು ಎರಡು ಪರದೆ ಕಟ್ಟಿ ಸುಮ್ಮನಾಗುತ್ತಿದ್ದರು. ಹೇಳಿದ್ದು ನಮ್ಮ ಭಾವನ ಮುಂದೆ. ಮನೆಗೆ ಬರುವ ದಾರಿಯಲ್ಲೇ ಅವರ ಮುಖ ಅರಳಿತ್ತಂತೆ. ಹೆಂಡತಿಯ ಕಾಯಿಲೆಗೂ ತನ್ನ ಕಸುಬಿಗೂ ಸಂಬಂಧ ಸಿಕ್ಕಿದ ಗಂಡನ ಸಂತೋಷ ಅದು. ತೂತು ಮುಚ್ಚಿದರೆ ಆಯಿತು, ಅಷ್ಟೇ ತಾನೆ.

ಆದರೆ ತೂತು ಹುಡುಕುವುದು ಹೇಗೆ? ಟ್ಯೂಬಾದರೆ ನೀರಿಗೆ ಮುಳುಗಿಸಬಹುದು, ಮನೆಯನ್ನು ಯಾವ ತೊಟ್ಟಿಗೆ ಮುಳುಗಿಸುವುದು? ಭಾವ ಅದಕ್ಕೂ ಉಪಾಯ ಕಂಡುಕೊಂಡರು. ಮೇಣದಬತ್ತಿ ಹಚ್ಚಿ, ಅದನ್ನು ಕಿಟಕಿ ಬಾಗಿಲುಗಳ ಅಂಚಿನಲ್ಲಿ ನಿಧಾನವಾಗಿ ಸರಿಸುತ್ತ ಹೋಗುವುದು. ಜ್ವಾಲೆ ಎಲ್ಲಿ ಬಾಗುತ್ತದೋ ಅಲ್ಲಿ ಗಾಳಿ ನುಗ್ಗುತ್ತಿದೆ; ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಸೊನ್ನೆ. ಅಂಗಡಿಗೆ ರಜೆ ಹಾಕಿ ಮನೆಯ ಗೋಡೆಯಲ್ಲೆಲ್ಲ ಸೊನ್ನೆ ಬರೆದರು. ನಾನು ನೋಡಲು ಹೋದಾಗ ಮನೆ ಗಣಿತದಲ್ಲಿ ಫೇಲಾದವನ ಉತ್ತರಪತ್ರಿಕೆಯ ಹಾಗಿತ್ತು.

ಆಮೇಲೆ ಮುಚ್ಚುವ ಕೆಲಸ. ಲಾರಿಯ ಟ್ಯೂಬು ಬಾಗಿಲ ಚೌಕಟ್ಟಿಗೆ, ಸ್ಕೂಟರಿನ ಟ್ಯೂಬು ಕಿಟಕಿಗಳಿಗೆ, ಸೈಕಲ್ಲಿನ ಟ್ಯೂಬು ಸಣ್ಣಪುಟ್ಟ ಸಂದುಗಳಿಗೆ. ಮರವನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಆರಿಸಿ, ಒತ್ತಿ. ಶಾಸ್ತ್ರದಲ್ಲಿ ಒಂದಿಷ್ಟೂ ಲೋಪವಿಲ್ಲ. ಬೀಗದ ಕಿಂಡಿಗೂ ಒಂದು ರಬ್ಬರ್ ರೆಪ್ಪೆ ಅಂಟಿಸಿದರು. ಒಲೆಯ ಮೇಲಿದ್ದ ಹೊಗೆಗಿಂಡಿಯನ್ನು ಎರಡು ಪದರ ಹಾಕಿ ಮುಚ್ಚಿದರು. ಬಚ್ಚಲಿನ ನೀರು ಹೋಗುವ ತೂತಿನ ಕಡೆಗೂ ಆಸೆಯಿಂದ ನೋಡುತ್ತಿದ್ದರಂತೆ. "ನಾನು ಸ್ನಾನ ಮಾಡಿ ಅಲ್ಲೇ ಈಜ್ತಾ ಇರ್ಲಾ?" ಎಂದು ಅಕ್ಕ ಕೇಳಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟರು.

ಕೆಲಸ ಮುಗಿದ ದಿನ ನನ್ನನ್ನು ಕರೆದರು. ಬಾಗಿಲು ಹಾಕಿದಾಗ ಕಿವಿಯೊಳಗೆ ಪಟ್ಟೆಂದಿತು. ಪಕ್ಕದ ಕಟ್ಟಡದ ಗಲಾಟೆ ಒಮ್ಮೆಲೇ ನಿಂತುಹೋಯಿತು. ಭಾವ ಮೇಜಿನ ಮೇಲೆ ಬಿಳೀ ಕರವಸ್ತ್ರ ಹಾಸಿದ್ದರು. ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ಬೆಳಿಗ್ಗೆಯಿಂದ ಇಲ್ಲೇ ಇದೆ. ಎಲ್ಲಿ, ಒಂದು ಕಣ ಧೂಳು ತೋರ್ಸು," ಎಂದರು. ನಿಜ, ಇರಲಿಲ್ಲ. ಲಾಂಡ್ರಿಯವಳಾದ ನಾನೇ ಹೇಳುತ್ತೇನೆ, ನಮ್ಮಲ್ಲಿ ಒಗೆದ ಬಟ್ಟೆಯೂ ಅಷ್ಟು ಬಿಳುಪಾಗಿರುವುದಿಲ್ಲ.

ಎದುರು ಮನೆಯ ಅಜ್ಜಿಯೂ ನೋಡಲು ಬಂದಿದ್ದರು. ಕುರ್ಚಿಯಲ್ಲಿ ಕೂತು ಮಾತಾಡುತ್ತ ಆಡುತ್ತ ಹಾಗೇ ನಿದ್ದೆ ಹೋದರು. ಭಾವ ಪಿಸುದನಿಯಲ್ಲಿ, "ನೋಡು, ಎಷ್ಟು ನೆಮ್ಮದಿ. ಅವರ ಮನೇಲಿ ಈ ನಿದ್ದೆ ಬರುತ್ತಾ?" ಎಂದರು.

ನನಗೆ ನಿದ್ದೆ ಬರಲಿಲ್ಲ, ಕಣ್ಣು ಉರಿಯತೊಡಗಿತು. ಗಂಟಲಲ್ಲಿ ಏನೋ ಸಿಹಿಕಹಿ ಕೂತುಕೊಂಡಿತು. "ಭಾವ, ಮನೆಯೆಲ್ಲ ಸಲ್ಯೂಷನ್ ವಾಸನೆ," ಎಂದೆ.

"ಯಾವ ವಾಸನೆ?" ಭಾವ ಗಾಳಿಯಲ್ಲಿ ಮೂಗಾಡಿಸಿ ನೋಡಿದರು. "ನನಗೇನೂ ಬರ್ತಿಲ್ಲವಲ್ಲ."

"ನಿಮ್ಮನ್ನ ಚರಂಡಿಯಲ್ಲಿ ನಿಲ್ಲಿಸಿದ್ರೂ ಬರಲ್ಲ."

"ನಿನಗೆ ನನ್ನ ಕೆಲಸದಲ್ಲಿ ಮೂಗು ತೂರಿಸದಿದ್ರೆ ಊಟ ಸೇರಲ್ಲ," ಎಂದು ಅವರು ಕರವಸ್ತ್ರ ಮಡಿಸಿ ಜೇಬಿಗಿಟ್ಟುಕೊಂಡರು. ಅಕ್ಕ ಇಬ್ಬರನ್ನೂ ನೋಡಿ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ನಗು ಸಿಟ್ಟು ಒಟ್ಟಿಗೇ ಬರುತ್ತದೆ. ಧೂಳು ನಿಂತಿತ್ತು, ಅಕ್ಕನ ಕೆಮ್ಮು ನಿಲ್ಲಲಿಲ್ಲ. ತಲೆನೋವು ಹೊಸದಾಗಿ ಸೇರಿಕೊಂಡಿತು. ಏನಾದರೂ ಹುರಿದರೆ ಹೊಗೆ ಒಲೆಯ ಮೇಲೆ ಎದ್ದು, ಹೋಗಲು ದಾರಿ ಕಾಣದೆ, ಮನೆಯೆಲ್ಲ ಸುತ್ತಾಡಿ ಬಂದು ಮತ್ತೆ ಅಕ್ಕನ ಮುಂದೆಯೇ ನಿಲ್ಲುತ್ತಿತ್ತು. ಭಾವನ ತರ್ಕ ಒಂದೇ: ಕೆಮ್ಮು ಇದೆ ಎಂದರೆ ಧೂಳು ಬರುತ್ತಿದೆ, ಧೂಳು ಬರುತ್ತಿದೆ ಎಂದರೆ ಎಲ್ಲೋ ತೂತು ಉಳಿದಿದೆ. ಮತ್ತೆ ಮೇಣದಬತ್ತಿ, ಮತ್ತೆ ಸಲ್ಯೂಷನ್. ಅಕ್ಕ ಕೆಮ್ಮಿದಷ್ಟೂ ಇವರು ಹಚ್ಚಿದರು, ಇವರು ಹಚ್ಚಿದಷ್ಟೂ ಅವಳು ಕೆಮ್ಮಿದಳು. ಕೊನೆಕೊನೆಗೆ ಮೇಣದಬತ್ತಿಯ ಜ್ವಾಲೆ ಯಾವ ಮೂಲೆಯಲ್ಲೂ ಅಲ್ಲಾಡದೆ ನೆಟ್ಟಗೆ ನಿಂತಿತು. ಭಾವ ಅದರ ಮುಂದೆ ಕೈಕಟ್ಟಿ ನಿಂತು, "ಇನ್ನೇನು ಮಾಡ್ಲಿ ಹೇಳು," ಎಂದು ಅಕ್ಕನನ್ನೇ ಕೇಳಿದರಂತೆ.

ಆ ದಿನಗಳಲ್ಲಿ ಅಕ್ಕ ಒಂದು ಹೊಸ ಅಭ್ಯಾಸ ಹಿಡಿದಳು. ಮಧ್ಯಾಹ್ನ ಭಾವನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದವಳು ವಾಪಸ್ ಬರುತ್ತಿರಲಿಲ್ಲ. ಲಾರಿ ಟೈರಿನ ಮೇಲೆ ಒಂದು ಗೋಣಿ ಹಾಸಿಕೊಂಡು ಸಂಜೆಯವರೆಗೆ ಅಲ್ಲೇ ಕೂರುತ್ತಿದ್ದಳು. ಬಸ್ಸಿನ ಹೊಗೆ, ಹಾರ್ನು, ಗಿರಾಕಿಗಳ ಗಲಾಟೆ ಯಾವುದೂ ಅವಳಿಗೆ ತೊಂದರೆ ಅನ್ನಿಸಲಿಲ್ಲ. ಭಾವನಿಗೆ ಒಳಗೊಳಗೇ ಖುಷಿ. ಗಾಳಿ ಹೊಡೆಸಲು ಬಂದವರಿಗೆಲ್ಲ, "ಇಷ್ಟು ವರ್ಷ ಆದ ಮೇಲೆ ಈಗ ನನ್ನ ಬಿಟ್ಟಿರಕ್ಕಾಗ್ತಿಲ್ಲ ನೋಡಿ ಇವಳಿಗೆ," ಎಂದು ಹೇಳಿಕೊಳ್ಳುತ್ತಿದ್ದರು. ನಾನೂ ಅಕ್ಕನನ್ನು ಚುಡಾಯಿಸಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಲ್ಲಿ ಅವಳು ಕೆಮ್ಮುತ್ತಿರಲಿಲ್ಲ ಎನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಭಾವನ ಮೂಗು ಸತ್ತಿತ್ತು, ಸರಿ. ನನ್ನ ಕಿವಿಗೆ ಏನಾಗಿತ್ತೋ.

ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ದಿನ, ಲಾಂಡ್ರಿಗೆ ವಾರದ ರಜೆ. ಅಕ್ಕ ಡಬ್ಬಿ ಹಿಡಿದು ಅಂಗಡಿಗೆ ಹೊರಡುವ ಮೊದಲೇ ಅವಳ ಮನೆಗೆ ಹೋದೆ. ಬಾಗಿಲು ತಟ್ಟಿದರೆ ತೆರೆಯಲಿಲ್ಲ. ಒಳಗಿನಿಂದ ಅಕ್ಕನ ದನಿ ಬಂತು, ತೀರಾ ಸಣ್ಣದಾಗಿ. "ಬರ್ತಿಲ್ಲ ಕಣೇ. ಎಳೆದೆ. ಬಾಗಿಲು ಬರ್ತಿಲ್ಲ." ಆಮೇಲೆ ಸೀಟಿ. ಹೊರಗಿನ ಅಷ್ಟು ಗಲಾಟೆಯಲ್ಲೂ ನನಗೆ ಆ ಸೀಟಿ ಕೇಳಿಸಿತು.

ನಾನು ಬಾಗಿಲು ತಳ್ಳಿದೆ. ಒಂಚೂರು ಒಳಗೆ ಹೋದ ಹಾಗೆ ಮಾಡಿ ಮತ್ತೆ ವಾಪಸ್ ಬಂತು. ಬಿಸಿಲಿಗೆ ರಬ್ಬರ್ ಮೆತ್ತಗಾಗಿ, ಬಾಗಿಲ ರಬ್ಬರೂ ಚೌಕಟ್ಟಿನ ರಬ್ಬರೂ ಒಂದಕ್ಕೊಂದು ಅಂಟಿಕೊಂಡಿದ್ದವು. ಭಾವನಿಗೆ ಫೋನು ಮಾಡಿದೆ. ಸೈಕಲ್ ತುಳಿದುಕೊಂಡು ಬಂದವರ ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಹಾಗೇ ಇತ್ತು. ಅವರೂ ಹೆಗಲು ಕೊಟ್ಟು ತಳ್ಳಿದರು. ಬಾಗಿಲು ಅವರನ್ನೂ ಹಿಂದಕ್ಕೆ ಕಳಿಸಿತು. ಜೀವಮಾನದಲ್ಲಿ ಅವರು ಹಾಕಿದ ಅತ್ಯುತ್ತಮ ಪ್ಯಾಚ್ ಅದು. ಅವರ ಮುಖದಲ್ಲಿ ಅಂಥ ಹೆದರಿಕೆ ನಾನು ಎಂದೂ ನೋಡಿರಲಿಲ್ಲ. ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಅವರು ಹಿತ್ತಿಲ ಕಡೆಗೆ ಓಡಿದರು. ಅಡುಗೆಮನೆಯ ಕಿಟಕಿಯ ಗಾಜಿಗೆ ಕಬ್ಬಿಣದ ಪಟ್ಟಿಯಿಂದ ಹೊಡೆದರು. ಗಾಜು ಒಡೆದು ಉದುರಿತು. ಒಳಗಿನ ಬಿಸಿಗಾಳಿ ನಮ್ಮ ಮುಖಕ್ಕೆ ಬಡಿಯಿತು. ಆ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಕ್ಕ ಗೋಡೆ ಹಿಡಿದುಕೊಂಡು ಬಂದು, ಕಿಟಕಿಯ ಸರಳುಗಳ ನಡುವೆ ಮುಖವಿಟ್ಟು, ಬಾಯಿ ತೆರೆದು ಉಸಿರೆಳೆದುಕೊಂಡಳು. ಮತ್ತೆ ಎಳೆದುಕೊಂಡಳು. ಭಾವ ಹೊರಗೆ ನಿಂತು ಅವಳ ಬಾಯನ್ನೇ ನೋಡುತ್ತಿದ್ದರು. ಅವರ ಕೈಯಿಂದ ರಕ್ತ ಸೋರುತ್ತಿತ್ತು, ಅದು ಅವರಿಗೆ ಗೊತ್ತಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಕ್ಕ ಆಡಿದ ಮೊದಲ ಮಾತು, "ಒಳಗೆ ಬರುವಾಗ ಚಪ್ಪಲಿ ಹಾಕ್ಕೊಂಡೇ ಬನ್ನಿ, ಗಾಜಿದೆ."

ಕಟ್ಟಡದ ಕೆಲಸದವರು ಬಂದು ಬಾಗಿಲನ್ನು ಹಾರೆಯಿಂದ ಮೀಟಿ ತೆಗೆದರು. ಆಸ್ಪತ್ರೆಯಲ್ಲಿ ಅಕ್ಕನ ಮೂಗಿಗೆ ಔಷಧಿಯ ಹೊಗೆ ಹಿಡಿಸಿದರು. ಅದೇ ಡಾಕ್ಟರು ಬಂದರು. ಭಾವನ ಪಕ್ಕದಲ್ಲಿ ನಿಂತವರು ಮೂಗು ಸಿಂಡರಿಸಿ, "ಮನೆಗೆ ಏನಾದ್ರೂ ಪೇಂಟ್ ಮಾಡಿಸ್ತಿದ್ದೀರಾ?" ಎಂದು ಕೇಳಿದರು. ಭಾವ ತಲೆ ತಗ್ಗಿಸಿಕೊಂಡು ಟ್ಯೂಬು, ಸಲ್ಯೂಷನ್, ಹೊಗೆಗಿಂಡಿ ಎಲ್ಲ ಹೇಳಿದರು. ಡಾಕ್ಟರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ನಾನು ಧೂಳು ತಡೀರಿ ಅಂದೆ. ಗಾಳಿ ತಡೀರಿ ಅಂದ್ನಾ?" ಎಂದರು. ಆಮೇಲೆ ಪಾಪ ಅನ್ನಿಸಿರಬೇಕು, ಸಮಾಧಾನವಾಗಿ ಬಿಡಿಸಿ ಹೇಳಿದರು. ಆ ಅಂಟಿನಿಂದ ಏಳುವ ಆವಿ ಒಳ್ಳೆಯದಲ್ಲ. ಒಲೆಯ ಹೊಗೆ ಹೊರಗೆ ಹೋಗಲೇಬೇಕು. ಮನುಷ್ಯರು ಬಿಟ್ಟ ಉಸಿರನ್ನೇ ಮನುಷ್ಯರು ಮತ್ತೆ ಮತ್ತೆ ಎಳೆದುಕೊಂಡರೆ ತಲೆ ನೋಯದೆ ಏನಾಗುತ್ತದೆ? ಧೂಳು ಬರುವ ಕಡೆಯ ಕಿಟಕಿ ಮುಚ್ಚಿ, ಇನ್ನೊಂದು ಕಡೆಯದು ತೆರೆಯಿರಿ. ಒಣ ಕಸಬರಿಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿರಿ. ಮನೆ ಸರಿಹೋಗುವವರೆಗೆ ಇವರು ಬೇರೆ ಎಲ್ಲಾದರೂ ಇರಲಿ.

ಭಾವ ಅಕ್ಕನ ಕಡೆ ತಿರುಗಿದರು. "ಅದಕ್ಕೇನಾ ನೀನು ದಿನಾ ಅಂಗಡೀಲಿ ಬಂದು ಕೂರ್ತಿದ್ದಿದ್ದು?"

ಅಕ್ಕ ಮೂತಿಗೆ ಹಾಕಿದ್ದ ಮುಚ್ಚಳ ಸರಿಸಿ, "ಅದಕ್ಕೂ," ಎಂದಳು.

ಅಕ್ಕನನ್ನು ನಾನು ನನ್ನ ಮನೆಗೆ ಕರೆದುಕೊಂಡು ಬಂದೆ. ಬೇರೆಯವರ ಕಷ್ಟದಲ್ಲಿ ಸಂತೋಷಪಡಬಾರದು, ಆದರೆ ಪಟ್ಟೆ. ಎಷ್ಟೋ ವರ್ಷಗಳ ಮೇಲೆ ನನ್ನ ಮನೆಯಲ್ಲಿ ನಾನು ಬರುವ ಹೊತ್ತಿಗೆ ದೀಪ ಉರಿಯುತ್ತಿತ್ತು. ಕಿಟಕಿ ತೆರೆದರೆ ಮೂರನೇ ಮಹಡಿಯ ಗಾಳಿ. ಅಕ್ಕನ ಕೆಮ್ಮು ಕಡಿಮೆಯಾಗುತ್ತ ಬಂತು. ಅವಳು ನನ್ನ ಡಬ್ಬಿಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿದಳು. ಬೇರೆ ಯಾರಾದರೂ ಮುಟ್ಟಿದ್ದರೆ ಕೈ ಮುರಿಯುತ್ತಿದ್ದೆ, ಅಕ್ಕನಿಗೆ ಏನೂ ಅನ್ನಲಿಲ್ಲ. ಮಲಗಿದರೆ ಪಕ್ಕದಲ್ಲಿ ಅವಳ ಉಸಿರು ಕೇಳುತ್ತಿತ್ತು, ಸೀಟಿಯಿಲ್ಲದೆ. ಅವಳು ಇಲ್ಲೇ ಇದ್ದುಬಿಡಲಿ ಎಂದು ನನಗೆ ಅನ್ನಿಸತೊಡಗಿತು. ಯಾಕೆ ಸುಳ್ಳು ಹೇಳಲಿ, ಬಲವಾಗಿ ಅನ್ನಿಸತೊಡಗಿತು.

ಭಾವ ಸಂಜೆ ಸಂಜೆ ಬರುತ್ತಿದ್ದರು. ಊರಿನ ಆ ತುದಿಯಿಂದ ಸೈಕಲ್ ತುಳಿದುಕೊಂಡು ಬಂದು, ಕೆಳಗೆ ನಲ್ಲಿಯ ಹತ್ತಿರ ಕೈಕಾಲು ಮುಖ ತೊಳೆದು, ನಮ್ಮ ಲಾಂಡ್ರಿಯಲ್ಲಿ ಒಗೆದ ಅಂಗಿ ಹಾಕಿಕೊಂಡೇ ಮೆಟ್ಟಿಲು ಹತ್ತಬೇಕು. ಅದು ನಾನು ಹಾಕಿದ ಕಾನೂನು. ಒಂದು ಮಾತು ಎದುರಾಡದೆ ಪಾಲಿಸಿದರು. ನನಗೆ ಬೈಯಲು ಏನೂ ಸಿಗದೆ ಬೇಜಾರಾಗುತ್ತಿತ್ತು. ಬಂದವರು ಅಕ್ಕನ ಎದುರು ಕೂತು ಆ ದಿನದ ವರದಿ ಒಪ್ಪಿಸುತ್ತಿದ್ದರು.

ವರದಿಯೆಂದರೆ ಪ್ಯಾಚ್ ಕೀಳುವ ವರದಿ. ಹಾಕುವಾಗ ಹಿಡಿದದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕೀಳಲು ಹಿಡಿಯಿತು. ಉಗುರು ಹೋಯಿತು, ಉಳಿ ಮೊಂಡಾಯಿತು, ಚೌಕಟ್ಟಿನ ಮರ ಸಿಗಿದು ಬಂತು, ರಬ್ಬರ್ ಬರಲಿಲ್ಲ. "ಯಾವ ಪುಣ್ಯಾತ್ಮ ಹಾಕಿದ್ದೋ ಇದನ್ನ," ಎಂದು ಭಾವ ಬೈದುಕೊಳ್ಳುತ್ತಿದ್ದರಂತೆ. ಅದರ ಜೊತೆಗೇ ಒಂದು ಗರ್ವವೂ ಇತ್ತು. "ಒಂದೂ ಸುಲಭವಾಗಿ ಬರ್ತಿಲ್ಲ ಗೊತ್ತಾ," ಎಂದು ಅಕ್ಕನಿಗೆ ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ಕಿತ್ತ ಜಾಗವನ್ನು ಕೆರೆದು, ಸೋಪು ಹಾಕಿ ಉಜ್ಜಿ, ಮತ್ತೆ ಉಜ್ಜಿದರು. ಅಡುಗೆಮನೆಯ ಗೋಡೆ ಕೊರೆದು ಹೊಗೆ ಎಳೆಯುವ ಫ್ಯಾನು ಕೂರಿಸಿದರು. ಗೋಡೆಗೆ ತೂತು ಕೊರೆಯುವಾಗ ಕಣ್ಣು ಮುಚ್ಚಿಕೊಂಡಿದ್ದರು ಎಂದು ಎದುರು ಮನೆಯ ಅಜ್ಜಿ ಫೋನಿನಲ್ಲಿ ಹೇಳಿದರು. ಪಕ್ಕದ ಕಟ್ಟಡದ ಇಂಜಿನಿಯರ್ ಹತ್ತಿರ ದಿನಾ ಹೋಗಿ ನಿಂತು, ಹಸಿರು ಬಲೆ ಕಟ್ಟಿಸಿದರು, ಕಲ್ಲು ಕತ್ತರಿಸುವಾಗ ನೀರು ಬಿಡಿಸಿದರು. ಇಂಜಿನಿಯರ್ ಇವರ ಕಾಟ ತಾಳಲಾರದೆ ಒಪ್ಪಿಕೊಂಡಿರಬೇಕು; ನಮ್ಮ ಭಾವ ಒಂದು ಕೆಲಸಕ್ಕೆ ಅಂಟಿಕೊಂಡರೆ ಬಿಡುವವರಲ್ಲ.

ಒಂದು ಸಂಜೆ ಬಂದವರು ಅಕ್ಕನ ಎದುರು ಕೂರಲಿಲ್ಲ, ನನ್ನ ಎದುರು ಬಂದು ನಿಂತರು.

"ನಿನ್ನಿಂದ ಒಂದು ಉಪಕಾರ ಆಗ್ಬೇಕು," ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಒಂದು ಲೋಟ ನೀರೂ ಕೇಳದ ಮನುಷ್ಯ. "ಎಲ್ಲ ಕಿತ್ತಿದ್ದೀನಿ, ತೊಳ್ದಿದ್ದೀನಿ. ಆದ್ರೆ ವಾಸನೆ ಹೋಗಿದೆಯೋ ಇಲ್ವೋ ನನಗೆ ಗೊತ್ತಾಗಲ್ಲ. ನನ್ನ ಮೂಗನ್ನ ನಂಬಿ ಇವಳನ್ನ ಕರ್ಕೊಂಡು ಹೋಗೋ ಧೈರ್ಯ ಇಲ್ಲ. ನೀನು ಬಂದು ನೋಡು. ನೀನು ಇನ್ನೂ ಇದೆ ಅಂದ್ರೆ ಇದೆ. ಎಷ್ಟು ತಿಂಗಳಾದ್ರೂ ಸರಿ, ಇವಳು ಇಲ್ಲೇ ಇರ್ಲಿ."

ನಾನು ಅಕ್ಕನ ಮುಖ ನೋಡಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ಮುಂದಿನ ರಜೆಯ ದಿನ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇದೆ ಎಂದರೆ ಸಾಕು. ಒಂದು ಸಣ್ಣ ಮಾತು. ಇವರಿಗೆ ಗೊತ್ತಾಗುವುದು ಹೇಗೆ? ಸುಳ್ಳೂ ಅಲ್ಲ ಅದು, ಜಾಗ್ರತೆ. ಅಕ್ಕನ ಎದೆಗೇ ಒಳ್ಳೆಯದು. ಮಳೆಗಾಲ ಕಳೆಯಲಿ ಎನ್ನಬಹುದು, ಆಮೇಲೆ ಬೇಸಿಗೆ ಕಳೆಯಲಿ ಎನ್ನಬಹುದು. ಮನುಷ್ಯರಿಗೆ ಕೆಟ್ಟ ಬುದ್ಧಿ ಬರುವಾಗ ಅದು ಡಾಕ್ಟರ ವೇಷದಲ್ಲೇ ಬರುತ್ತದೆ.

ಭಾವ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಒಂದೊಂದೇ ಕೋಣೆಗೆ ಹೋಗಿ ಮೂಸಿದೆ. ಚೌಕಟ್ಟು ಮೂಸಿದೆ, ಕಪಾಟಿನ ಹಿಂದೆ ಬಗ್ಗಿ ಮೂಸಿದೆ, ಹಾಸಿಗೆ ಎತ್ತಿ ಮೂಸಿದೆ. ಸಿಟ್ಟು ಬಂತು, ಯಾಕೆಂದರೆ ಏನೂ ಸಿಗಲಿಲ್ಲ. ಸೋಪಿನ ವಾಸನೆ, ಒದ್ದೆ ನೆಲದ ವಾಸನೆ, ಹಿತ್ತಿಲ ಕಿಟಕಿಯಿಂದ ಬರುವ ಯಾವುದೋ ಎಲೆಯ ವಾಸನೆ. ಪಕ್ಕದಲ್ಲಿ ಕೆಲಸ ನಡೆಯುತ್ತಿತ್ತು. ಮೇಜಿನ ಮೇಲೆ ಸಣ್ಣಗೆ ಧೂಳು ಕೂತಿತ್ತು, ಇಲ್ಲವೆನ್ನುವುದಿಲ್ಲ. ಭಾವ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, "ಇದು ದಿನಕ್ಕೆ ನಾಲ್ಕು ಸಲ ಒರೆಸ್ತೀನಿ," ಎಂದರು. ಅಡುಗೆಮನೆಯ ಫ್ಯಾನು ಗಿರಗಿರ ತಿರುಗುತ್ತಿತ್ತು. ಅವರು ನನ್ನ ಹಿಂದೆಯೇ, ಫಲಿತಾಂಶ ನೋಡಲು ಬಂದವರ ಹಾಗೆ, ಎರಡು ಹೆಜ್ಜೆ ದೂರದಲ್ಲಿ ಉಸಿರು ಹಿಡಿದುಕೊಂಡು ಬರುತ್ತಿದ್ದರು. ತಮ್ಮ ಉಸಿರಿನ ವಾಸನೆ ನನ್ನ ಲೆಕ್ಕ ತಪ್ಪಿಸೀತು ಎಂಬ ಭಯವಂತೆ.

"ಹೇಳು," ಎಂದರು ಕೊನೆಗೆ. "ಇನ್ನೂ ಇದೆಯಾ?"

ಇದೆ ಎನ್ನಲು ಬಾಯಿ ತೆರೆದೆ. ಅವರು ನನ್ನ ಮೂಗನ್ನೇ ನೋಡುತ್ತಿದ್ದರು, ನನ್ನ ಕಣ್ಣನ್ನಲ್ಲ. ಅಷ್ಟು ನಂಬಿಕೆಯಿಟ್ಟು ನನ್ನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

"ಇಲ್ಲ ಭಾವ. ಏನೂ ಇಲ್ಲ."

"ಸರಿಯಾಗಿ ನೋಡಿದ್ಯಾ? ಬಾಗಿಲ ಮೇಲ್ಗಡೆ?"

"ನೋಡ್ದೆ. ಇಲ್ಲ. ನಾಳೆ ಅಕ್ಕನ್ನ ಕಳಿಸ್ತೀನಿ."

ಭಾವ ಕುಸಿದು ಕುರ್ಚಿಯ ಮೇಲೆ ಕೂತರು. ಆಮೇಲೆ ಮೆಲ್ಲಗೆ, "ನಾಳೆ ಯಾಕೆ?" ಎಂದರು. ಬೀದಿಯ ತಿರುವಿನಲ್ಲಿ ಆಟೋ ನಿಲ್ಲಿಸಿದ್ದರು, ಬೆಳಿಗ್ಗೆಯಿಂದ. ಅದರ ಹಿಂದಿನ ಚಕ್ರಕ್ಕೆ ಪಂಚರ್ ಹಾಕಿಕೊಟ್ಟ ಋಣಕ್ಕೆ ಆಟೋದವನು ಕಾಯುತ್ತಿದ್ದ.

ಆಟೋವನ್ನು ನನ್ನ ಮನೆಯ ಕೆಳಗೆ ನಿಲ್ಲಿಸಿ, ಭಾವನಿಗೆ ಅಲ್ಲೇ ಇರಲು ಹೇಳಿ, ನಾನೊಬ್ಬಳೇ ಮೆಟ್ಟಿಲು ಹತ್ತಿದೆ. ಅಕ್ಕ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಚೀಲ, ತುಂಬಿ ಕಟ್ಟಿದ್ದು. ನನಗೆ ರೇಗಿಹೋಯಿತು.

"ಇದೆ ಅನ್ನೋದಕ್ಕೆ ಹೊರಟಿದ್ದೆ ಗೊತ್ತಾ?" ಎಂದೆ.

"ಗೊತ್ತಿತ್ತು."

"ಮತ್ಯಾಕೆ ನನ್ನನ್ನೇ ಕಳಿಸಿದ್ರಿ? ಬರೀ ಮೂಗು ಬೇಕಿದ್ರೆ ನಿಮ್ಮ ಬೀದೀಲಿ ಎಷ್ಟೊಂದು ಮೂಗಿದ್ವು."

"ಅವರು ಎದುರುಮನೆ ಅಜ್ಜೀನ ಕೇಳ್ತೀನಿ ಅಂದ್ರು. ನಾನೇ ಬೇಡ ಅಂದೆ." ಅಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. "ಬೇರೆಯವರ ಮಾತು ಕೇಳಿ ಇಲ್ಲಿಂದ ಎದ್ದು ಹೋಗೋಕೆ ನನಗಾಗ್ತಿರ್ಲಿಲ್ಲ ಕಣೇ. ನೀನೇ ಹೋಗು ಅನ್ಬೇಕಿತ್ತು."

ಕೆಳಗಿನಿಂದ ಆಟೋದವನು ಹಾರ್ನ್ ಒತ್ತಿದ. ಅಕ್ಕ ಏಳಲಿಲ್ಲ, ನನ್ನ ಕೈ ಹಿಡಿದುಕೊಂಡು, ಅವಸರವೇ ಇಲ್ಲದವಳ ಹಾಗೆ ಕೂತೇ ಇದ್ದಳು.

"ಹೋಗು," ಎಂದೆ ಕೊನೆಗೆ. ಚೀಲ ನಾನೇ ಎತ್ತಿಕೊಂಡೆ.